ಓದುಗರ ಪ್ರಶ್ನೆ: ‘ಮೆಮರಿ’ ಅಂದ್ರೆ ಯಾವ ಮೆಮರಿ?

ಪ್ರಶ್ನೆ: ನಾನು ಬೆಟಗೇರಿಯವಳು. ಬಿ.ಕಾಂ. ಮುಗಿಸಿ ಗದಗದಲ್ಲಿ ಒಂದು ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ರಾತ್ರಿ ಊಟ ಆದಮೇಲೆ ಆನ್‌ಲೈನ್‌ನಲ್ಲಿ ಡೇಟಾ ಸೈನ್ಸ್ ಕಲಿಯುತ್ತಿದ್ದೇನೆ. ಅಣ್ಣ ಬೆಂಗಳೂರಿಗೆ ಹೋಗುವಾಗ ಕೊಟ್ಟುಹೋದ ಲ್ಯಾಪ್‌ಟಾಪ್ ಇದೆ, 2015ರದ್ದು. ಐದನೇ ಜನರೇಶನ್ನಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಚಹಾ ಕುದಿಸಿಕೊಂಡು ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ. ಪೈಥಾನ್ ಕೋಡ್ ಬರೆದು ಓಡಿಸುವ ಜೂಪಿಟರ್ ತೆರೆದರಂತೂ ಮುಗೀತು. ಹುಬ್ಬಳ್ಳಿಯ ಅಂಗಡಿಯವರು “ಮೆಮರಿ ಜಾಸ್ತಿ ಮಾಡಿಸ್ರಿ ಅಕ್ಕಾರ, 1 ಟಿಬಿ ಎಸ್‌ಎಸ್‌ಡಿ ಹಾಕಿಸಿಬಿಡ್ರಿ, ಮುಂದ ಚಿಂತಿನ ಇಲ್ಲ” ಅಂದರು. ಹಾಕಿಸಲಾ? ಇಲ್ಲಾ ಕಂತಿನ ಮೇಲೆ ಹೊಸದೇ ತಗೊಳ್ಳಲಾ?

ಉತ್ತರ: ಕಂತು ಬೇಡ. 1 ಟಿಬಿಯೂ ಬೇಡ. ಆದರೆ ಎಸ್‌ಎಸ್‌ಡಿ ಬೇಕು, ಅದರ ಜೊತೆಗೆ ಅಂಗಡಿಯವರು ಹೆಸರೇ ಎತ್ತದ ಇನ್ನೊಂದು ವಸ್ತುವೂ ಬೇಕು.

ತೊಂದರೆ ಇರೋದು ಆ ‘ಮೆಮರಿ’ ಅನ್ನೋ ಮಾತಿನಲ್ಲಿ. ಫೋನಿಗೆ ಹಾಕುವ ಕಾರ್ಡಿಗೂ ನಾವು ಮೆಮರಿ ಅಂತೀವಿ, ಫೋಟೊ ತುಂಬಿ ಜಾಗ ಇಲ್ಲದಾಗಲೂ ಮೆಮರಿ ಫುಲ್ ಅಂತೀವಿ, ಲ್ಯಾಪ್‌ಟಾಪಿನ ರ‍್ಯಾಮಿಗೂ ಅದೇ ಹೆಸರು. ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟು ಅಂಗಡಿಗೆ ಹೋದರೆ, ಅಂಗಡಿಯವರು ಯಾವುದು ಕೈಗೆ ಸಿಗುತ್ತೋ ಅದನ್ನು ಕೊಡ್ತಾರೆ. ಅವರದೂ ತಪ್ಪಲ್ಲ.

ನಿಮ್ಮ ಅಜ್ಜನ ಮನೆಯಲ್ಲಿ ಹಗೇವು ಇದ್ದಿರಬಹುದು, ಜೋಳ ತುಂಬಿಡೋದು. ಹಾರ್ಡ್‌ಡಿಸ್ಕ್, ಎಸ್‌ಎಸ್‌ಡಿ ಎರಡೂ ಹಗೇವಿನ ಜಾತಿ. ರ‍್ಯಾಮ್ ಅಂದರೆ ಹಿಟ್ಟು ನಾದುವ ಪರಾತ. ಹಗೇವಿನಲ್ಲಿ ನೂರು ಚೀಲ ಜೋಳ ಇದ್ದರೂ ಒಂದು ಸಲಕ್ಕೆ ನಾದಲು ಆಗೋದು ಪರಾತ ಹಿಡಿದಷ್ಟೇ. ಪಾಂಡಾಸ್ ಅಂದರೆ ಪೈಥಾನ್‌ನಲ್ಲಿ ಪಟ್ಟಿಗಳನ್ನು ನಿಭಾಯಿಸುವ ಸಾಧನ. ಅದರಲ್ಲಿ ನೀವು ಒಂದು ಸಿಎಸ್‌ವಿ ಫೈಲ್ (ಬರೀ ಅಕ್ಷರ, ಅಂಕಿಗಳ ಸಾದಾ ಪಟ್ಟಿ) ಓದಿಸಿದ ಕೂಡಲೇ ಅದು ಪೂರ್ತಿ ಪರಾತಕ್ಕೆ ಬಂದು ಬೀಳುತ್ತೆ. ಅರ್ಧ ಹಗೇವಿನಲ್ಲೇ ಇರಲಿ ಅಂತ ಅದು ಬಿಡೋದಿಲ್ಲ.

ಅದಕ್ಕೇ ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ, ಐದು ನಿಮಿಷದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದನ್ನು ಒಂದು ಮೂಲೆಗಿಟ್ಟು ನಿಮ್ಮ ದಿನದ ಕೆಲಸ ಶುರು ಮಾಡಿ, ಬ್ರೌಸರ್, ಜೂಪಿಟರ್, ಕೋರ್ಸಿನ ವಿಡಿಯೊ ಎಲ್ಲ ತೆರೆದುಕೊಂಡೇ. ಡಿಸ್ಕ್ 100 ಪರ್ಸೆಂಟ್ ಮುಟ್ಟಿ ಅಲ್ಲೇ ನಿಂತಿರುತ್ತೆ, ಅದು ನನಗೆ ಗೊತ್ತು. ಹಳೇ ಲ್ಯಾಪ್‌ಟಾಪುಗಳೆಲ್ಲ ಹಾಗೇ. ಆದರೆ ನೀವು ನೋಡಬೇಕಾದ್ದು ಅದರ ಮೇಲಿನ ಸಾಲು, ಮೆಮರಿಯದು. ಅದೂ 90ರ ಹತ್ತಿರ ಇದ್ದರೆ ಡಿಸ್ಕ್ ಒದ್ದಾಡ್ತಿರೋದು ತನ್ನ ಕೆಲಸಕ್ಕಲ್ಲ, ರ‍್ಯಾಮಿನ ಕೆಲಸಕ್ಕೆ. ಪರಾತದಲ್ಲಿ ಜಾಗ ಸಾಲದೆ ವಿಂಡೋಸ್ ಹಿಟ್ಟನ್ನು ಮುದ್ದೆ ಮುದ್ದೆಯಾಗಿ ಹಗೇವಿಗೆ ಇಳಿಸಿ, ಬೇಕಾದಾಗ ಮತ್ತೆ ಹತ್ತಿಸುತ್ತಿರುತ್ತೆ. ಹೊರಗಿನಿಂದ ನೋಡಿದವರಿಗೆ ಡಿಸ್ಕ್ ನಿಧಾನ ಅನ್ನಿಸುತ್ತೆ. ರೋಗ ಒಂದು ಕಡೆ, ನೋವು ಇನ್ನೊಂದು ಕಡೆ. ಎಸ್‌ಎಸ್‌ಡಿ ಹಾಕಿಸಿದರೆ ಈ ಏರಿಳಿತ ಬೇಗ ಆಗುತ್ತೆ ನಿಜ, ಆದರೆ ನಿಲ್ಲೋದಿಲ್ಲ. ನಿಮ್ಮದು 4 ಜಿಬಿ. ವಿಂಡೋಸ್ ಮತ್ತು ಬ್ರೌಸರ್ ತಮ್ಮ ಪಾಲು ತಿಂದಮೇಲೆ ಪಾಂಡಾಸ್‌ಗೆ ಉಳಿಯೋದು 1 ಜಿಬಿ ಉಳಿದರೆ ಪುಣ್ಯ.

ಲೆಕ್ಕದವರು ನೀವು, ಒಂದು ಲೆಕ್ಕ ಹಾಕೋಣ. ಒಂದು ಅಂಕಿಗೆ ಪಾಂಡಾಸ್ ಸಾಮಾನ್ಯವಾಗಿ 8 ಬೈಟ್ ತಗೊಳ್ಳುತ್ತೆ. 1 ಕೋಟಿ ಸಾಲು, 20 ಕಾಲಂ ಇದ್ದರೆ 160 ಕೋಟಿ ಬೈಟ್, ಅಂದರೆ 1.6 ಜಿಬಿ. ಇದು ಬರೀ ಇಡೋದಕ್ಕೆ. ಮೇಲೆ ನೀವು ವಿಂಗಡಿಸಿ, ಎರಡು ಪಟ್ಟಿ ಸೇರಿಸಿ, ಗುಂಪು ಮಾಡಿದರೆ ನಡುನಡುವೆ ಪ್ರತಿಗಳು ಹುಟ್ಟಿಕೊಳ್ಳುತ್ತವೆ. ಪಾಂಡಾಸ್ ಕಟ್ಟಿದ ವೆಸ್ ಮೆಕಿನ್ನಿ ಅವರೇ 2017ರಲ್ಲಿ ಹೇಳಿದ ಅಂದಾಜು, ಡೇಟಾದ ಐದರಿಂದ ಹತ್ತು ಪಟ್ಟು ರ‍್ಯಾಮ್ ಇರಲಿ ಅಂತ.

ಹೆದರಬೇಡಿ, ಕಲಿಯುವವರಿಗೆ 1 ಕೋಟಿ ಸಾಲು ಬರೋದೇ ಇಲ್ಲ. ಎಲ್ಲ ಕೋರ್ಸಿನಲ್ಲೂ ಮೊದಲು ಬರುವ ಐರಿಸ್ ಹೂವಿನ ಡೇಟಾ 150 ಸಾಲು. ಟೈಟಾನಿಕ್ ಪ್ರಯಾಣಿಕರ ಪಟ್ಟಿ, ಕಲಿಸಲು ಕೊಡೋದು, 891 ಸಾಲು. ನಿಮ್ಮ ಅಂಗಡಿಯ ದೀಪಾವಳಿ ಉದ್ರಿ ಪುಸ್ತಕವೇ ಇದಕ್ಕಿಂತ ದೊಡ್ಡದಿರಬಹುದು! ಕೈಬರಹದ ಅಂಕಿಗಳ ಚಿತ್ರ ಅಂತ ಒಂದು ಬರುತ್ತೆ, 70,000 ಚಿತ್ರ. ಕೇಳೋಕೆ ದೊಡ್ಡದು, ಒಂದೊಂದೂ 28ಕ್ಕೆ 28 ಚುಕ್ಕಿಯದು, ಎಲ್ಲ ಸೇರಿ 55 ಎಂಬಿಯ ಆಸುಪಾಸು. ನಮ್ಮ ಕಡೆಯದೇ ಡೇಟಾ ಬೇಕು ಅಂದರೆ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಎಪಿಎಂಸಿಗಳ ದಿನದ ದರ ಸಿಗುತ್ತೆ. ಬ್ಯಾಡಗಿ ಮೆಣಸಿನಕಾಯಿಯದನ್ನೇ ತಗೊಳ್ಳಿ. 2011ರಲ್ಲಿ ಜಿಐ (ಭೌಗೋಳಿಕ) ಗುರುತು ಸಿಕ್ಕ ಕಾಯಿ, ಡಬ್ಬಿ ಬೇರೆ, ಕಡ್ಡಿ ಬೇರೆ, ದರವೂ ಬೇರೆ ಬೇರೆ. ವರ್ಷಕ್ಕೆ 300 ದಿನ, 5 ತಳಿ, 10 ವರ್ಷ ಅಂತ ಕೈಬಿಚ್ಚಿ ಹಿಡಿದರೂ 15,000 ಸಾಲು. ಒಂದೆರಡು ಎಂಬಿ. ಎಕ್ಸೆಲ್‌ನ ಒಂದು ಹಾಳೆಯಲ್ಲೇ 10,48,576 ಸಾಲು ಹಿಡಿಯುತ್ತೆ, ಅದರಲ್ಲೇ ಆರಾಮಾಗಿ ಕೂರುತ್ತೆ ಇದು. ಇಷ್ಟಕ್ಕೆ 1 ಟಿಬಿ ಎಸ್‌ಎಸ್‌ಡಿ ಯಾಕೆ ಹೇಳಿ?

ಹಾಗಾದರೆ ಎಸ್‌ಎಸ್‌ಡಿಯೇ ಯಾಕೆ ಅಂತ ಕೇಳಬಹುದು. ಕಾಯೋದು ತಪ್ಪುತ್ತೆ, ಅದಕ್ಕೆ. ಅದರ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 550 ಎಂಬಿ ಅಂತ ದೊಡ್ಡದಾಗಿ ಬರೆದಿರುತ್ತಾರೆ, ನಿಮ್ಮ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100ರ ಸುತ್ತಮುತ್ತ ಓದುತ್ತೆ, ಅಂದರೆ ಐದು ಪಟ್ಟು ಅನ್ನಿ. ನಿಜವಾದ ವ್ಯತ್ಯಾಸ ಅದಲ್ಲ. ಹಾರ್ಡ್‌ಡಿಸ್ಕಿನೊಳಗೆ ತಟ್ಟೆ ತಿರುಗುತ್ತೆ, ಲ್ಯಾಪ್‌ಟಾಪಿನದು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರೋವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಮುಳ್ಳು ಅಲ್ಲಿಗೆ ಸರಿಯಬೇಕು. ದೊಡ್ಡದೊಂದು ಸಿನಿಮಾ ಫೈಲ್ ಆದರೆ ಒಂದು ಸಲ ಕಾದರೆ ಆಯ್ತು. ಆದರೆ ಪೈಥಾನ್‌ನಲ್ಲಿ ನೀವು ಇಂಪೋರ್ಟ್ ಅಂತ ಒಂದು ಸಾಲು ಬರೆದರೆ ಅದು ಹಿಂದೆ ನೂರಾರು ಸಣ್ಣ ಸಣ್ಣ ಫೈಲ್ ಹುಡುಕುತ್ತೆ. ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರಂ ನೋಡಿದ್ದೀರಲ್ವಾ, 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಒಬ್ಬ ಹಮಾಲ ಒಂದೇ ಬೋಗಿಯಿಂದ ಐವತ್ತು ಚೀಲ ಇಳಿಸೋದು ಬೇರೆ, ಈ ತುದಿಯಲ್ಲಿ ಒಂದು ಚೀಲ, ಆ ತುದಿಯಲ್ಲಿ ಒಂದು, ನಡುವೆ ಎಲ್ಲೋ ಒಂದು ಅಂತ ಓಡಾಡೋದು ಬೇರೆ. ಎಸ್‌ಎಸ್‌ಡಿಯಲ್ಲಿ ತಿರುಗೋದೂ ಇಲ್ಲ, ಓಡೋದೂ ಇಲ್ಲ, ಎಲ್ಲಿದ್ದರೂ ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗದೊಳಗೆ ಸಿಗುತ್ತೆ. ಚಹಾ ಕುದಿಸಿಕೊಂಡು ಬರೋ ಅಷ್ಟು ಪುರುಸೊತ್ತು ಆಮೇಲೆ ನಿಮಗೆ ಸಿಗೋದಿಲ್ಲ, ಅದೊಂದೇ ಬೇಜಾರು.

ನನ್ನ ಮಾತು ಇಷ್ಟು. 500 ಜಿಬಿ ಆಸುಪಾಸಿನ ಒಂದು ಸಾಟಾ ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕಿನ ಜಾಗದಲ್ಲೇ ಕೂರುವ ಎರಡೂವರೆ ಇಂಚಿನದು, ಮತ್ತು ರ‍್ಯಾಮ್ 8 ಜಿಬಿ. ದುಡ್ಡು ಎರಡಕ್ಕೂ ಸಾಲದಿದ್ದರೆ ಎಸ್‌ಎಸ್‌ಡಿಯನ್ನು 256ಕ್ಕೆ ಇಳಿಸಿ, ರ‍್ಯಾಮ್ ಬಿಡಬೇಡಿ. 4 ಜಿಬಿ ರ‍್ಯಾಮಿನ ಪಕ್ಕ 1 ಟಿಬಿ ಎಸ್‌ಎಸ್‌ಡಿ ಕೂರಿಸೋದು ಅಂದರೆ ಸಣ್ಣ ಪರಾತ ಇಟ್ಟುಕೊಂಡು ಹಗೇವು ಅಗೆಸಿದ ಹಾಗೆ. 256 ಸಾಕಾಗುತ್ತಾ? ಪೈಥಾನ್ ಮತ್ತು ಅದರ ಸಾಧನಗಳೆಲ್ಲ ಒಟ್ಟಿಗೆ ಬರುವ ಅನಕೊಂಡಾ ಪೂರ್ತಿ ಹಾಕಿದರೂ 5 ಜಿಬಿ ಚಿಲ್ಲರೆ, ಮಿನಿಕೊಂಡಾ ಹಾಕಿದರೆ ಇನ್ನೂ ಕಡಿಮೆ. ಜಾಗ ತಿನ್ನೋದು ಡೇಟಾ ಅಲ್ಲ, ಡೌನ್‌ಲೋಡ್ ಮಾಡಿಟ್ಟ ಕೋರ್ಸಿನ ವಿಡಿಯೊ ಮತ್ತು ಮನೆಯವರ ಮದುವೆ ಫೋಟೊ. ಅವೆಲ್ಲ ಹಳೇ ಹಾರ್ಡ್‌ಡಿಸ್ಕಿನಲ್ಲೇ ಇರಲಿ. ಅಂದ ಹಾಗೆ 500 ಅಂತ ಕೊಂಡದ್ದು ಕಂಪ್ಯೂಟರಿನಲ್ಲಿ 465 ಅಂತ ತೋರಿಸಿದರೆ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ಕಂಪನಿಯವರು 1000ದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ರ‍್ಯಾಮ್ ತಗೊಳ್ಳುವಾಗ ಮಾತ್ರ ಹುಷಾರು. ಟಾಸ್ಕ್ ಮ್ಯಾನೇಜರಿನಲ್ಲೇ ಮೆಮರಿ ಪುಟದ ಕೆಳಗೆ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಅಂತ ಬರೆದಿರುತ್ತೆ. ಎರಡರಲ್ಲಿ ಒಂದು ಖಾಲಿ ಇದ್ದರೆ ಇನ್ನೊಂದು 4 ಜಿಬಿ ಸೇರಿಸಿದರೆ ಸಾಕು. ಒಂದೇ ಸ್ಲಾಟ್ ಇದ್ದರೆ ಹಳೇದನ್ನು ತೆಗೆಸಿ 8ರದ್ದು ಹಾಕಿಸಬೇಕು. ನಿಮ್ಮ ಕಾಲದ ಐ3ಗೆ ಬೇಕಾದ್ದು ಡಿಡಿಆರ್3ಎಲ್, 1.35 ವೋಲ್ಟಿನದು. ಕೊನೆಯ ‘ಎಲ್’ ಇಲ್ಲದ್ದು 1.5 ವೋಲ್ಟಿನದು, ನೋಡೋಕೆ ಒಂದೇ ಥರ ಇರುತ್ತೆ, ಹಾಕಿದರೆ ಲ್ಯಾಪ್‌ಟಾಪ್ ಆನ್ ಆಗದೇ ಹೋಗಬಹುದು. ಡಿಡಿಆರ್4 ಅಂತೂ ಕೂರೋದೇ ಇಲ್ಲ. ಹೊಸದು ಸಿಗದಿದ್ದರೆ ಬೇರೆ ಲ್ಯಾಪ್‌ಟಾಪಿನಿಂದ ತೆಗೆದದ್ದಾದರೂ ನಡೆಯುತ್ತೆ, ಅಲ್ಲೇ ಹಾಕಿಸಿ ಆನ್ ಮಾಡಿ ನೋಡಿಯೇ ದುಡ್ಡು ಕೊಡಿ. ಎಸ್‌ಎಸ್‌ಡಿ ಮಾತ್ರ ಹಳೇದು ಬೇಡ. ಬಿಲ್ ಬೇಕೇ ಬೇಕು. ದರ ನಾನು ಬರೆಯೋದಿಲ್ಲ, ಈ ಪತ್ರಿಕೆ ಅಚ್ಚಾಗಿ ನಿಮ್ಮ ಕೈಗೆ ಬರೋದರೊಳಗೆ ಬದಲಾಗಿರುತ್ತೆ. ಒಂದು ಭಾನುವಾರ ಬಿಟ್ಟು ಬೇರೆ ದಿನ ಹುಬ್ಬಳ್ಳಿಗೆ ಬಂದು ಕೊಪ್ಪೀಕರ ರಸ್ತೆಯ ಸುತ್ತ ಎರಡು ಮೂರು ಕಡೆ ಕೇಳಿ, ಒಂದೇ ಮಾಲಿಗೆ ಮೂರು ದರ ಕೇಳಿಬರುತ್ತೆ.

ಹಳೇ ಡಿಸ್ಕನ್ನು ಏನು ಮಾಡೋದು? ಎರಡು ದಾರಿ. ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ ಅಂತ ಒಂದು ಚೌಕಟ್ಟು ಹಾಕಿ ಅದರಲ್ಲಿ ಕೂರಿಸಬಹುದು. ಕ್ಯಾಡಿ 9.5 ಮಿಲಿಮೀಟರ್ ದಪ್ಪದ್ದೂ ಇದೆ, 12.7ರದ್ದೂ ಇದೆ, ಅಳೆದು ತಗೊಳ್ಳಿ. ಇನ್ನೊಂದು, ಯುಎಸ್‌ಬಿ ಕೇಸಿಗೆ ಹಾಕಿ ಹೊರಗಿಡೋದು. ನನಗೆ ಎರಡನೆಯದೇ ಇಷ್ಟ. ಬ್ಯಾಟರಿ ಉಳಿಯುತ್ತೆ, ಲ್ಯಾಪ್‌ಟಾಪ್ ಕೆಟ್ಟರೂ ಕಪಾಟಿನಲ್ಲಿ ಡೇಟಾ ಇರುತ್ತೆ.

ಇನ್ನು ವಿಂಡೋಸ್. ಹಳೇ ಡಿಸ್ಕಿನಲ್ಲಿ ಇರೋದನ್ನು ಇದ್ದ ಹಾಗೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಕೊಡ್ತೀವಿ ಅಂತಾರೆ. ಬೇಡ. ಹತ್ತು ವರ್ಷದ ಕಸವನ್ನು ಹೊಸ ಮನೆಗೆ ಹೊತ್ತುಕೊಂಡು ಹೋಗೋದು ಯಾಕೆ? ಹೇಳಬೇಕೋ ಬೇಡವೋ, ನಾನು ಒಮ್ಮೆ ಮನೆಯಲ್ಲೇ ಕೂತು ಕ್ಲೋನ್ ಮಾಡಲು ಹೋಗಿ ಯಾವುದರಿಂದ ಯಾವುದಕ್ಕೆ ಅನ್ನೋದನ್ನು ಉಲ್ಟಾ ಆರಿಸಿಬಿಟ್ಟೆ. ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕ್ಲೋನ್ ಆಯಿತು. ಬಹಳ ಶಿಸ್ತಾಗಿ, ಒಂದು ತಪ್ಪೂ ಇಲ್ಲದೆ ಆಯಿತು. ಆ ಮೂರು ವರ್ಷದ ಫೋಟೊಗಳ ವಿಷಯ ಮನೆಯಲ್ಲಿ ಇವತ್ತಿಗೂ ಯಾರೂ ಎತ್ತೋದಿಲ್ಲ. ಹಾಗಾಗಿ ಎಸ್‌ಎಸ್‌ಡಿ ಹಾಕುವಾಗ ಹಳೇ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ, ಆಮೇಲೆ ಬೇಕಾದ ಫೈಲ್ ಮಾತ್ರ ತಂದುಕೊಳ್ಳಿ.

ಯಾವುದನ್ನು ಇನ್‌ಸ್ಟಾಲ್ ಮಾಡೋದು? ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನ ಎಂಟನೇ ಜನರೇಶನ್‌ನಿಂದ ಮೇಲಕ್ಕೆ, ನಿಮ್ಮದು ಐದನೆಯದು. ಅಡ್ಡದಾರಿಯಲ್ಲಿ 11 ಹಾಕಿಕೊಡುವವರು ಇದ್ದಾರೆ, ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತೆ ಅಂತ ಮೈಕ್ರೋಸಾಫ್ಟ್ ಮಾತು ಕೊಡೋದಿಲ್ಲ. ಟ್ಯಾಲಿ ಹೇಗೂ ಅಂಗಡಿಯ ಕಂಪ್ಯೂಟರಿನಲ್ಲಿದೆ, ಮನೆಯದು ಕಲಿಯೋಕೆ ತಾನೇ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ನೋಡಿ. ಪುಕ್ಕಟೆ, 4 ಜಿಬಿಯಲ್ಲೂ ನಡೆಯುತ್ತೆ, 8ರಲ್ಲಿ ಓಡುತ್ತೆ. ಮೊದಲ ವಾರ ಕಿರಿಕಿರಿ ಆಗುತ್ತೆ, ಸುಳ್ಳು ಹೇಳೋದಿಲ್ಲ. ಆದರೆ ಮುಂದೆ ಡೇಟಾ ಕೆಲಸಕ್ಕೆ ಸೇರಿದರೆ ಸರ್ವರುಗಳಲ್ಲಿ ಇರೋದು ಜಾಸ್ತಿ ಲಿನಕ್ಸೇ, ಅಭ್ಯಾಸ ಈಗಲೇ ಆಗಲಿ.

ಕೊನೆಗೆ ದುಡ್ಡಿಲ್ಲದೆ ಪರಾತ ಹಿಗ್ಗಿಸುವ ಕೆಲವು ಉಪಾಯ. ಸಿಎಸ್‌ವಿ ಓದಿಸುವಾಗ ಬೇಕಾದ ಕಾಲಂ ಮಾತ್ರ ಓದಿಸಿ. ಒಂದೇ ಹೆಸರು ಸಾವಿರಾರು ಸಲ ಬರುವ ಕಾಲಂ ಇದ್ದರೆ, ನಮ್ಮ ಮೆಣಸಿನಕಾಯಿ ಪಟ್ಟಿಯಲ್ಲಿ ‘ಬ್ಯಾಡಗಿ’ ಅಂತ ಪ್ರತಿ ಸಾಲಿನಲ್ಲೂ ಬರುತ್ತಲ್ಲ ಹಾಗೆ, ಅದನ್ನು ಕೆಟಗರಿ ಅಂತ ಬದಲಿಸಿ. ಆಗ ಹೆಸರನ್ನು ಒಂದು ಸಲ ಬರೆದಿಟ್ಟುಕೊಂಡು ಸಾಲುಗಳಲ್ಲಿ ಬರೀ ಸಣ್ಣ ನಂಬರ್ ಇಡುತ್ತೆ. ನಿಮ್ಮ ಖಾತೆ ಪುಸ್ತಕದಲ್ಲಿ ಗಿರಾಕಿಗೆ ಖಾತೆ ನಂಬರ್ ಕೊಡ್ತೀರಲ್ಲ, ಅದೇ. ತೀರಾ ದೊಡ್ಡ ಫೈಲ್ ಬಂದರೆ ತುಂಡು ತುಂಡಾಗಿ ಓದಿಸುವ ಚಂಕ್‌ಸೈಜ್ ಇದೆ. ಅದೂ ಆಗದಿದ್ದರೆ ಗೂಗಲ್ ಕೋಲ್ಯಾಬ್, ಅವರ ಯಂತ್ರದಲ್ಲಿ ನಡೆಯುತ್ತೆ, ನಿಮ್ಮದು ಬರೀ ಕಿಟಕಿ.

ಪ್ರಶ್ನೆ: ರಾಣೆಬೆನ್ನೂರಿನವನು. ಲ್ಯಾಪ್‌ಟಾಪಿನಲ್ಲಿ ಎಂ.2 ಸ್ಲಾಟ್ ಇದೆ ಅಂತ ಆನ್‌ಲೈನ್‌ನಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ ತರಿಸಿದೆ. ಕೂತಿತು, ಆದರೆ ಯಂತ್ರ ಅದನ್ನು ಗುರುತಿಸುತ್ತಲೇ ಇಲ್ಲ. ಮಾಲೇ ಕೆಟ್ಟದ್ದಾ?

ಉತ್ತರ: ಮಾಲು ಚೆನ್ನಾಗಿಯೇ ಇರಬಹುದು. ಎಂ.2 ಅನ್ನೋದು ಆಕಾರದ ಹೆಸರು, ಭಾಷೆಯ ಹೆಸರಲ್ಲ. ಅದೇ ಆಕಾರದಲ್ಲಿ ಸಾಟಾ ಮಾತಾಡುವ ಎಸ್‌ಎಸ್‌ಡಿಯೂ ಇದೆ, ಎನ್‌ವಿಎಂಇ ಮಾತಾಡುವುದೂ ಇದೆ. ಹಳೇ ಲ್ಯಾಪ್‌ಟಾಪುಗಳ ಎಷ್ಟೋ ಸ್ಲಾಟುಗಳಿಗೆ ಸಾಟಾ ಮಾತ್ರ ಅರ್ಥ ಆಗುತ್ತೆ. ಚಿನ್ನದ ಬಣ್ಣದ ಅಂಚಿನಲ್ಲಿ ಒಂದು ಕಚ್ಚು ಇದ್ದರೆ ಹೆಚ್ಚಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ. ಹೆಚ್ಚಾಗಿ ಅಂತ ಎರಡು ಸಲ ಹೇಳಿದ್ದೇನೆ, ಯಾಕಂದರೆ ಎರಡು ಕಚ್ಚಿನ ಎನ್‌ವಿಎಂಇಗಳೂ ಇವೆ, ಸ್ಟಿಕರ್ ಮೇಲಿನ ಹೆಸರು ಓದೋದೇ ವಾಸಿ. ನಿಮ್ಮ ಮಾಡೆಲ್‌ನ ಮ್ಯಾನುಯಲ್‌ನಲ್ಲಿ ಸ್ಲಾಟ್ ಯಾವುದಕ್ಕೆ ಅಂತ ನೋಡಿ, ವಾಪಸ್ ಮಾಡುವ ದಿನ ಮುಗಿಯೋದರೊಳಗೆ ಬದಲಿಸಿಕೊಳ್ಳಿ.

ಪ್ರಶ್ನೆ: ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಎಸ್‌ಎಸ್‌ಡಿ ಹಾಕಿಸಿದೆ, ಲ್ಯಾಪ್‌ಟಾಪ್ ಹದಿನೈದು ಸೆಕೆಂಡಿಗೆ ಆನ್ ಆಗುತ್ತದೆ. ಆದರೆ ಮಾಡೆಲ್ ಟ್ರೈನ್ ಮಾಡಲು ಮೊದಲು ಹಿಡಿದಷ್ಟೇ ಹೊತ್ತು ಹಿಡಿಯುತ್ತದೆ. ಮೋಸ ಹೋದೆನಾ?

ಉತ್ತರ: ಇಲ್ಲ. ಡೇಟಾ ಒಮ್ಮೆ ರ‍್ಯಾಮಿಗೆ ಬಂದಮೇಲೆ ಡಿಸ್ಕಿನ ಕೆಲಸ ಮುಗೀತು, ಆಮೇಲೆ ದುಡಿಯೋದು ಪ್ರೊಸೆಸರ್. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬೇಗ ಬಂದಿಳಿದರೂ ಪರೀಕ್ಷೆ ಬರೆಯೋದಕ್ಕೆ ಮೂರು ತಾಸು ಮೂರು ತಾಸೇ ಅಲ್ವಾ? ಮೊದಲು ಹತ್ತರಲ್ಲೊಂದು ಪಾಲು ಡೇಟಾದ ಮೇಲೆ ಓಡಿಸಿ ನೋಡಿ, ಸರಿ ಬಂದಮೇಲೆ ಪೂರ್ತಿ ಓಡಿಸಿ. ಚಿತ್ರಗಳ ಮೇಲೆ ನ್ಯೂರಲ್ ನೆಟ್‌ವರ್ಕ್ ಆದರೆ ಕೋಲ್ಯಾಬ್ ಅಥವಾ ಕ್ಯಾಗಲ್‌ನಲ್ಲಿ ಪುಕ್ಕಟೆ ಜಿಪಿಯು, ಅಂದರೆ ಇಂಥ ಲೆಕ್ಕ ಬೇಗ ಮಾಡುವ ಚಿಪ್, ಸಿಗುತ್ತೆ, ಮಿತಿ ಇರುತ್ತೆ, ಕಲಿಕೆಗೆ ಸಾಕು.

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಿಂದ. ಮಗ ದಿನಾ ಏನೇನೋ ಡೇಟಾ ಇಳಿಸಿಕೊಂಡು ಅಳಿಸುತ್ತಿರುತ್ತಾನೆ. ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತಂತೆ, ಹೌದಾ?

ಉತ್ತರ: ಸವೆಯುತ್ತೆ. ಆದರೆ ಲೆಕ್ಕ ನೋಡಿ. ಸ್ಯಾಮ್‌ಸಂಗ್ 870 ಇವೊ 500 ಜಿಬಿ ಎಸ್‌ಎಸ್‌ಡಿಗೆ ಕಂಪನಿ ಕೊಟ್ಟಿರುವ ಬರೆಯುವ ಮಿತಿ 300 ಟಿಬಿ. ನಿಮ್ಮ ಮಗ ದಿನಕ್ಕೆ 20 ಜಿಬಿ ಬರೆದರೂ 15,000 ದಿನ, ಅಂದರೆ 41 ವರ್ಷ. ಕಡಿಮೆ ದರದ ಎಸ್‌ಎಸ್‌ಡಿಗಳ ಮಿತಿ ಇದಕ್ಕಿಂತ ಕಡಿಮೆ ಇರುತ್ತೆ. ಹಾಗಿದ್ದರೂ ಅದು ಸವೆಯೋ ಹೊತ್ತಿಗೆ ಲ್ಯಾಪ್‌ಟಾಪೇ ಗುಜರಿಗೆ ಹೋಗಿರುತ್ತೆ.

ಸವೆತಕ್ಕಿಂತ ಬೇರೆ ಒಂದಕ್ಕೆ ಹೆದರಿ. ಹಾರ್ಡ್‌ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಕಟಕಟ ಅಂತ ಸದ್ದು ಮಾಡಿ ಹೇಳಿ ಹೋಗುತ್ತೆ. ಎಸ್‌ಎಸ್‌ಡಿ ಕೆಟ್ಟರೆ ಬಹಳ ಸಲ ಸದ್ದಿಲ್ಲ, ಸುದ್ದಿಯಿಲ್ಲ. ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಇಲ್ಲ. ಅದರಿಂದ ಡೇಟಾ ತೆಗೆಸೋದೂ ಕಷ್ಟ. ಇಳಿಸಿಕೊಂಡ ಡೇಟಾ ಹೋದರೆ ಮತ್ತೆ ಇಳಿಸಿಕೊಳ್ಳಬಹುದು. ಮಗ ತಾನೇ ಬರೆದ ನೋಟ್‌ಬುಕ್ ಫೈಲುಗಳು ಹೋದರೆ ಹೋದವು. ಅವೆಲ್ಲ ಸೇರಿದರೂ ಕೆಲವೇ ಎಂಬಿ, ವಾರಕ್ಕೊಮ್ಮೆ ಒಂದು ಪೆನ್‌ಡ್ರೈವಿಗೆ ಹಾಕಿಡಲು ಹೇಳಿ. ಆ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿನ ಬ್ಯಾಗಿನಲ್ಲೇ ಇಡಬೇಡ ಅಂತಲೂ ಹೇಳಿ.